ಥಂಬ್ ಮಷೀನ್ ತಪ್ಪಿದರೆ ಯಾರನ್ನು ಕೇಳಬೇಕು?

ಹೋದ ತಿಂಗಳು ಜಾಲಹಳ್ಳಿ ಕ್ರಾಸ್‌ನ ಟೀ ಅಂಗಡಿಯಲ್ಲಿ ನಮ್ಮ ಪಕ್ಕದೂರಿನ ಹುಡುಗ ಸಿಕ್ಕಿದ. ಐಟಿಐ ಮುಗಿಸಿ ಮೂರು ವರ್ಷದಿಂದ ಅಲ್ಲೇ ಒಂದು ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದಾನೆ. ಮುಖ ಸಪ್ಪಗಿತ್ತು. ಏನಪ್ಪ ಅಂದೆ.

"ಆರು ದಿನದ ಸಂಬಳ ಹೋಯ್ತಣ್ಣ. ಡ್ಯೂಟಿ ಮಾಡಿದೀನಿ. ಮಷೀನು ಆಬ್ಸೆಂಟ್ ಅಂತ ತೋರಿಸ್ತಿದೆ."

ಆಗಿದ್ದು ಇಷ್ಟು. ಅವನು ಸಿಎನ್‌ಸಿ ಮಷೀನ್ ಮೇಲೆ ಕೆಲಸ ಮಾಡುವವನು. ದಿನವಿಡೀ ಕೂಲೆಂಟ್‌ನಲ್ಲಿ ಕೈ ಅದ್ದಿ ಬೆರಳ ಗೆರೆ ಸವೆದಿದೆ. ಗೇಟಿನ ಥಂಬ್ ಮಷೀನ್ ಕೆಲವು ದಿನ ಅವನ ಬೆರಳನ್ನು ಹಿಡಿಯಲೇ ಇಲ್ಲ. ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯರ ಬೆರಳು ಬೀಳುವುದಿಲ್ಲವಲ್ಲ, ಹಾಗೆಯೇ. ಸೆಕ್ಯುರಿಟಿಯವರು "ಹೋಗಪ್ಪ ಒಳಗೆ, ಆಮೇಲೆ ನೋಡ್ಕೊಳ್ಳೋಣ" ಅಂದರು. ಇವನು ಹೋದ, ಕೆಲಸ ಮಾಡಿದ. ತಿಂಗಳ ಕೊನೆಗೆ ಆರು ದಿನ ಕಡಿಮೆ ಬಂತು.

ಸೂಪರ್‌ವೈಸರ್ ಹತ್ತಿರ ಹೋದ. "ನೀನು ಬಂದಿದ್ದು ನಂಗೊತ್ತು, ಆದ್ರೆ ಅಟೆಂಡೆನ್ಸ್ ಎಚ್‌ಆರ್‌ದು" ಅಂದರು. ಎಚ್‌ಆರ್‌ನವರು "ಸಿಸ್ಟಂನಲ್ಲಿ ಇಲ್ಲ, ಐಟಿಯವರನ್ನು ಕೇಳು" ಅಂದರು. ಐಟಿ ನೋಡಿಕೊಳ್ಳುವ ಒಬ್ಬನೇ ಹುಡುಗ "ಮಷೀನ್ ಹಾಕಿದ ಕಂಪನಿಯವರು ಡೇಟಾ ತೆಗೆದುಕೊಡಬೇಕು" ಅಂದ. ಆ ಕಂಪನಿಯವರು "ನೀನು ಕಾಂಟ್ರಾಕ್ಟರ್ ಕಡೆಯವನು, ಅವರಿಂದ ಮೇಲ್ ಬರಲಿ" ಅಂದರು. ಕಾಂಟ್ರಾಕ್ಟರ್ "ಸೂಪರ್‌ವೈಸರ್ ಬರೆದುಕೊಟ್ಟರೆ ಮಾಡಿಸ್ತೀನಿ" ಅಂದ. ಹುಡುಗ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತ.

ಇಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಅವನ ದುಡ್ಡು ತಿನ್ನಬೇಕು ಅಂತ ಹೊರಟಿರಲಿಲ್ಲ. ಮಷೀನ್ ಇದೆ, ಸಾಫ್ಟ್‌ವೇರ್ ಇದೆ, ವರ್ಷದ ನಿರ್ವಹಣೆಗೆ ದುಡ್ಡೂ ಕೊಡುತ್ತಿದ್ದಾರೆ. ಆದರೆ ಆ ಮಷೀನ್ ತಪ್ಪು ಹೇಳಿದಾಗ ಸರಿ ಮಾಡುವ ಅಧಿಕಾರ ಯಾರದು, ಉತ್ತರ ಕೊಡಬೇಕಾದವರು ಯಾರು ಎಂದು ಯಾರೂ ಬರೆದಿಟ್ಟಿಲ್ಲ. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಅಂತಾರಲ್ಲ, ಹಾಗಾಗಿದೆ.

ದೊಡ್ಡ ಕಂಪನಿಗಳು ಇದಕ್ಕೆ ಐಟಿ ಗವರ್ನೆನ್ಸ್ ಅಂತ ಹೆಸರಿಟ್ಟಿವೆ. ಹೆಸರು ದೊಡ್ಡದು, ವಿಷಯ ನಮಗೆ ಗೊತ್ತಿರುವುದೇ.

ನೀರುಗಂಟಿಯ ಲೆಕ್ಕ

ನಮ್ಮ ಬಯಲುಸೀಮೆಯ ಕೆರೆಗಳನ್ನು ನೆನಪು ಮಾಡಿಕೊಳ್ಳಿ. ಕೆರೆ ಕಟ್ಟುವುದು ಒಂದು ಕೆಲಸ. ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಬಿಡಬೇಕು ಎನ್ನುವುದು ಬೇರೆಯೇ ಕೆಲಸ. ಅದಕ್ಕೆ ನೀರುಗಂಟಿ ಇದ್ದ. ಈ ಸಲ ಭತ್ತ ಹಾಕಬಹುದೋ, ರಾಗಿಗೇ ನಿಲ್ಲಬೇಕೋ ಎಂದು ತೀರ್ಮಾನ ಮಾಡುತ್ತಿದ್ದುದು ಊರಿನ ಹಿರಿಯರು. ಆ ತೀರ್ಮಾನದಂತೆ ತೂಬು ಎತ್ತುವವನು ನೀರುಗಂಟಿ. ನೀರು ಬರದಿದ್ದರೆ ಯಾರ ಮನೆ ಬಾಗಿಲಿಗೆ ಹೋಗಿ ಕೇಳಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯ, ದೊಡ್ಡವರ ದರ್ಬಾರು ಎಲ್ಲ ಇತ್ತು, ಅದನ್ನು ಮರೆಯಬಾರದು. ಆದರೂ ತೀರ್ಮಾನ ಯಾರದು, ಕೆಲಸ ಯಾರದು, ಉತ್ತರ ಯಾರದು ಎನ್ನುವುದು ಸ್ಪಷ್ಟವಿತ್ತು.

ಕಂಪನಿಯ ಕಂಪ್ಯೂಟರ್ ವ್ಯವಸ್ಥೆಗೂ ಇದೇ ಮೂರು ಪ್ರಶ್ನೆ. ಇದಕ್ಕೆ ಅಂತಲೇ 2008ರಲ್ಲಿ ಐಎಸ್‌ಒ 38500 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಅದು ಕಂಪ್ಯೂಟರ್ ವಿಭಾಗದವರಿಗಾಗಿ ಬರೆದದ್ದಲ್ಲ, ಕಂಪನಿಯ ಆಡಳಿತ ಮಂಡಳಿಗಾಗಿ, ಮಾಲೀಕರಿಗಾಗಿ ಬರೆದದ್ದು. ಅವರಿಗೆ ಅದು ಮೂರು ಕೆಲಸ ಹೇಳುತ್ತದೆ: ಇರುವುದನ್ನು, ಬೇಕಾದ್ದನ್ನು ತೂಗಿ ನೋಡಿ, ಯಾವ ದಿಕ್ಕಿಗೆ ಹೋಗಬೇಕು ಅಂತ ಹೇಳಿ, ಹೇಳಿದಂತೆ ನಡೆಯುತ್ತಿದೆಯೋ ಇಲ್ಲವೋ ಗಮನಿಸಿ. ಪೀಣ್ಯ, ಜಾಲಹಳ್ಳಿ ಕಡೆ ಗೇಟುಗಳ ಮೇಲೆ ಐಎಸ್‌ಒ 9001 ಬೋರ್ಡು ಬೇಕಾದಷ್ಟು ನೋಡಿದ್ದೇನೆ. ಇದನ್ನು ಬರೆದ ಬೋರ್ಡು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಮಷೀನ್ ಇತ್ತು, ತೀರ್ಮಾನ ತಡವಾಯಿತು

ಜಾಲಹಳ್ಳಿಗೆ ಈ ಪಾಠ ಹೊಸದಲ್ಲ. 1953ರಲ್ಲಿ ಇಲ್ಲಿ ಎಚ್‌ಎಂಟಿ ಶುರುವಾಯಿತು, ಮರುವರ್ಷ ಬಿಇಎಲ್ ಬಂತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜತೆ ಸೇರಿ ಎಚ್‌ಎಂಟಿ ವಾಚ್ ಮಾಡತೊಡಗಿತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚ್ ಕೊಡುವುದು ನಮ್ಮ ಹಳ್ಳಿಗಳಲ್ಲಿ ಒಂದು ಕಾಲದ ಮರ್ಯಾದೆ.

ಸೆಲ್ ಹಾಕುವ ಕ್ವಾರ್ಟ್ಜ್ ವಾಚ್ ಮಾಡುವುದು ಎಚ್‌ಎಂಟಿಗೆ ಗೊತ್ತಿರಲಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಟೈಟನ್ ಹುಟ್ಟುವ ಮೊದಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚ್ ಮಾಡಿತ್ತು. ಆದರೆ ಅದರ ಮನಸ್ಸು ಕೀ ಕೊಡುವ ವಾಚಿನ ಮೇಲೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟನ್, ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಹಾಕಿ, ಕ್ವಾರ್ಟ್ಜ್ ಮೇಲೆಯೇ ನಂಬಿಕೆ ಇಟ್ಟು ಮಾರುಕಟ್ಟೆ ಹಿಡಿಯಿತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಎಚ್‌ಎಂಟಿ ಸೋಲಿಗೆ ಇದೊಂದೇ ಕಾರಣ ಅಲ್ಲ, ಸರ್ಕಾರಿ ಕಂಪನಿಯ ಕೈ ಕಟ್ಟಿದ ಕಾರಣಗಳೂ ಇದ್ದವು. ಆದರೆ ತಂತ್ರಜ್ಞಾನ ಕೈಯಲ್ಲಿದ್ದೂ, ಅದನ್ನು ವ್ಯಾಪಾರಕ್ಕೆ ಹೇಗೆ ಹಚ್ಚಬೇಕು ಎಂಬ ತೀರ್ಮಾನ ತಡವಾದರೆ ಏನಾಗುತ್ತದೆ ಎಂದು ತಿಳಿಯಲು ಜಾಲಹಳ್ಳಿಯವರು ಬೇರೆ ಊರಿಗೆ ಹೋಗಬೇಕಿಲ್ಲ.

ಈಗ ಇಲ್ಲಿನ ಸಣ್ಣ ಫ್ಯಾಕ್ಟರಿಗಳ ಒಳಗೆ ಬನ್ನಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಕಂಪ್ಯೂಟರ್ ಇಲ್ಲದ ಶೆಡ್ ಇಲ್ಲ. ಲೆಕ್ಕಕ್ಕೆ ಟ್ಯಾಲಿ, ಅದೂ ನಮ್ಮ ಬೆಂಗಳೂರಿನ ಕಂಪನಿಯದೇ. ಸ್ವಲ್ಪ ದೊಡ್ಡವರಾದರೆ ಈಆರ್‌ಪಿ. ಎಂದರೆ ಆರ್ಡರ್, ಕಚ್ಚಾ ಮಾಲು, ಉತ್ಪಾದನೆ, ಬಿಲ್ಲು, ಸಂಬಳ ಎಲ್ಲವೂ ಒಂದೇ ಕಡೆ ಸಿಗುವ ಸಾಫ್ಟ್‌ವೇರ್.

ಒಂದು ಫ್ಯಾಕ್ಟರಿಯಲ್ಲಿ ನಾನೇ ನೋಡಿದ್ದು. ಈಆರ್‌ಪಿ ಹಾಕಿ ಎರಡು ವರ್ಷವಾಗಿತ್ತು. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರೊಬ್ಬರು ಮೊದಲು ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. ಸಂಜೆ ಒಬ್ಬ ಹುಡುಗಿ ಅದನ್ನು ಕಂಪ್ಯೂಟರಿಗೆ ಹತ್ತಿಸುತ್ತಿದ್ದಳು. ಸಂಜೆ ಆಗದಿದ್ದರೆ ಮರುದಿನ. ಮಾಲೀಕರು ಮೊಬೈಲ್‌ನಲ್ಲಿ ನೋಡುವ ದಾಸ್ತಾನು ನಿನ್ನೆಯದು, ಕೆಲವೊಮ್ಮೆ ಮೊನ್ನೆಯದು. ಆ ಲೆಕ್ಕ ನಂಬಿ ಅವರು ಆರ್ಡರ್ ಒಪ್ಪುತ್ತಿದ್ದರು. ರಾಡು ಸಾಲದೆ ಮಷೀನ್ ನಿಂತಾಗ ಬೈಗುಳ ಬೀಳುತ್ತಿದ್ದುದು ಸ್ಟೋರ್ಸ್‌ನವರಿಗೆ.

"ಯಾಕೆ ಸಾರ್, ನೇರವಾಗಿ ಕಂಪ್ಯೂಟರಿಗೇ ಹಾಕಬಹುದಲ್ಲ?" ಅಂತ ಆ ಹಿರಿಯರನ್ನು ಕೇಳಿದೆ.

"ತಗೊಳೋ ಮುಂಚೆ ನನ್ನನ್ನ ಯಾರು ಕೇಳಿದ್ರಪ್ಪ? ಒಂದು ಐಟಂಗೆ ಹನ್ನೊಂದು ಕಾಲಂ ತುಂಬಬೇಕು. ಲಾರಿ ಬಾಗಿಲಲ್ಲಿ ನಿಂತಿರುತ್ತೆ" ಅಂದರು.

ಈ ಒಂದು ಮಾತಲ್ಲೇ ಕಾಯಿಲೆ ಇದೆ. ಸಾಫ್ಟ್‌ವೇರ್ ಆಯ್ಕೆ ಮಾಡಿದ್ದು ಮಾಲೀಕರ ಅಳಿಯ ಮತ್ತು ಮಾರಲು ಬಂದವರು. ದಿನಾ ಬಳಸುವವರು ಆ ಸಭೆಯಲ್ಲಿ ಇರಲಿಲ್ಲ. ಇದರಿಂದ ಏನು ಸರಿಯಾಗಬೇಕು, ಮಷೀನ್ ನಿಲ್ಲುವುದು ಕಡಿಮೆಯಾಗಬೇಕೋ, ಬಿಲ್ಲು ಬೇಗ ಹೋಗಬೇಕೋ, ರಿಜೆಕ್ಷನ್ ಇಳಿಯಬೇಕೋ ಅಂತ ಮೊದಲೇ ಬರೆದಿಟ್ಟಿರಲಿಲ್ಲ. ಹಾಗಾಗಿ ಎರಡು ವರ್ಷದ ಮೇಲೆ "ಲಾಭವಾಯಿತಾ?" ಅಂದರೆ ಅಳೆಯಲು ಕೋಲೇ ಇಲ್ಲ.

ದೊಡ್ಡವರೂ ಎಡವುತ್ತಾರೆ

ಇದು ಬರೀ ಸಣ್ಣವರ ಕಥೆ ಅಂದುಕೊಳ್ಳಬೇಡಿ. 2024ರ ಏಪ್ರಿಲ್ 24ರಂದು ರಿಸರ್ವ್ ಬ್ಯಾಂಕ್ ಕೋಟಕ್ ಮಹೀಂದ್ರ ಬ್ಯಾಂಕಿಗೆ ಒಂದು ಆದೇಶ ಕೊಟ್ಟಿತು: ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಬೇಡಿ, ಹೊಸ ಕ್ರೆಡಿಟ್ ಕಾರ್ಡ್ ಕೊಡಬೇಡಿ. ಸಾಲ ಮುಳುಗಿದ್ದಕ್ಕಾಗಲಿ, ದುಡ್ಡು ನುಂಗಿದ್ದಕ್ಕಾಗಲಿ ಅಲ್ಲ. 2022 ಮತ್ತು 2023ರ ತಪಾಸಣೆಯಲ್ಲಿ ಕಂಡ ಕಂಪ್ಯೂಟರ್ ವ್ಯವಸ್ಥೆಯ ಕೊರತೆಗಳನ್ನು ಹೇಳಿದ ಮೇಲೂ ಸರಿಪಡಿಸಲಿಲ್ಲ ಎನ್ನುವುದಕ್ಕೆ.

ಆ ಕೊರತೆಗಳ ಪಟ್ಟಿಯನ್ನು ಸರಳವಾಗಿ ಹೇಳುತ್ತೇನೆ. ನಮ್ಮ ಹತ್ತಿರ ಯಾವ ಯಾವ ಕಂಪ್ಯೂಟರ್, ಸಾಫ್ಟ್‌ವೇರ್ ಇದೆ ಎಂಬ ಲೆಕ್ಕ. ಅವುಗಳನ್ನು ಬದಲಿಸುವಾಗ, ರಿಪೇರಿ ಮಾಡುವಾಗ ಪಾಲಿಸಬೇಕಾದ ಕ್ರಮ. ಯಾರು ಯಾವುದನ್ನು ತೆರೆದು ನೋಡಬಹುದು ಎಂಬ ಕಟ್ಟಳೆ. ಹೊರಗಿನ ಕಂಪನಿಗೆ ಕೊಟ್ಟ ಕೆಲಸದ ಮೇಲಿನ ನಿಗಾ. ಮಾಹಿತಿ ಸೋರದಂತೆ ಕಾವಲು. ಎಲ್ಲ ನಿಂತುಹೋದರೆ ಮತ್ತೆ ಎದ್ದು ನಿಲ್ಲುವ ತಯಾರಿ. ಇದರಲ್ಲಿ ಕಂಪ್ಯೂಟರ್ ಎಂಜಿನಿಯರ್‌ಗೆ ಮಾತ್ರ ಅರ್ಥವಾಗುವುದು ಏನಿದೆ ಹೇಳಿ? ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇದೆ, ಏನೇನು ಇದೆ ಅಂತ ಬರೆದಿದೆಯಾ ಎಂಬಷ್ಟೇ ಸರಳ ಪ್ರಶ್ನೆಗಳು.

ಮರುದಿನ ಆ ಬ್ಯಾಂಕಿನ ಷೇರು ಬೆಲೆ ಶೇ 10ಕ್ಕಿಂತ ಹೆಚ್ಚು ಬಿತ್ತು. ನಿರ್ಬಂಧ ತೆಗೆದದ್ದು 2025ರ ಫೆಬ್ರುವರಿಯಲ್ಲಿ. ಅಂದರೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ವ್ಯಾಪಾರದ ಒಂದು ಬಾಗಿಲು ಬಂದ್. 2020ರ ಡಿಸೆಂಬರ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೂ ಇಂಥದ್ದೇ ಬಿಸಿ ಮುಟ್ಟಿತ್ತು. ಐಟಿ ಖರ್ಚಿನ ಬಾಬತ್ತು, ಲಾಭಕ್ಕೂ ಅದಕ್ಕೂ ಸಂಬಂಧವಿಲ್ಲ ಅನ್ನುವವರು ಈ ಎರಡು ಪ್ರಕರಣ ನೋಡಬೇಕು.

2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದೊಡ್ಡ ಬ್ಯಾಂಕುಗಳ ಆಡಳಿತ ಮಂಡಳಿಯಲ್ಲೇ ಐಟಿಗೆ ಒಂದು ಸಮಿತಿ ಇರಬೇಕು. ಕನಿಷ್ಠ ಮೂವರು ನಿರ್ದೇಶಕರು, ಅಧ್ಯಕ್ಷರು ಐಟಿ ಗೊತ್ತಿರುವ ಸ್ವತಂತ್ರ ನಿರ್ದೇಶಕರು, ಮೂರು ತಿಂಗಳಿಗೊಮ್ಮೆಯಾದರೂ ಸಭೆ. "ಐಟಿಯವರು ನೋಡ್ಕೋತಾರೆ" ಅಂತ ಮೇಲಿನವರು ಕೈ ತೊಳೆದುಕೊಳ್ಳುವ ಹಾಗಿಲ್ಲ.

ನಮ್ಮ ಪಹಣಿಯ ಪಾಠ

ಹಾಗಾದರೆ ಸರಿಯಾಗಿ ಮಾಡಿದವರು ಯಾರೂ ಇಲ್ಲವೇ? ಇದ್ದಾರೆ. ನಿಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲೇ ಅದರ ಪುರಾವೆ ಇದೆ: ಪಹಣಿ.

2000ದ ಆಸುಪಾಸಿನಲ್ಲಿ ಶುರುವಾದ ಭೂಮಿ ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ಅದು ಕಂಪನಿಯಲ್ಲ, ಸರ್ಕಾರ. ಆದರೆ ಕಂಪನಿಗಳು ಕಲಿಯಬೇಕಾದ್ದು ಅಲ್ಲಿದೆ. ಬರೀ ಟೈಪ್ ಮಾಡಿಸಿ ಬಿಟ್ಟಿದ್ದರೆ ಹಳೆಯ ಅವ್ಯವಸ್ಥೆಯೇ ಕಂಪ್ಯೂಟರಿನೊಳಗೆ ಹೋಗಿ ಕೂರುತ್ತಿತ್ತು. ಅವರು ಮೂರು ಗಟ್ಟಿ ತೀರ್ಮಾನ ಮಾಡಿದರು.

ಮೊದಲನೆಯದು, ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ. ಎರಡು ಪುಸ್ತಕ ನಡೆಯುವುದಿಲ್ಲ. ನಾನು ನೋಡಿದ ಆ ಸ್ಟೋರ್ಸ್‌ನಲ್ಲಿ ಎರಡು ವರ್ಷವಾದರೂ ಆಗದ ತೀರ್ಮಾನ ಇದೇ.

ಎರಡನೆಯದು, ಖಾತೆ ಬದಲಾವಣೆ ಮಾಡುವ ನೌಕರ, ಅಧಿಕಾರಿ ತಮ್ಮ ಬೆರಳು ಒತ್ತಿಯೇ ಒಳಗೆ ಹೋಗಬೇಕು. ನಾಳೆ "ನಾನು ಮಾಡಿದ್ದಲ್ಲ" ಅನ್ನಲು ಬರುವುದಿಲ್ಲ. ಇದನ್ನು ನಮ್ಮ ಹುಡುಗನ ಫ್ಯಾಕ್ಟರಿಗೆ ಹೋಲಿಸಿ. ಅಲ್ಲಿ ಬೆರಳು ಒತ್ತಬೇಕಾದವನು ಕೂಲಿಯವನು ಮಾತ್ರ. ಅವನ ಹಾಜರಿಯನ್ನು ತಿದ್ದುವವರ ಬೆರಳಿಗೆ ಲೆಕ್ಕವಿಲ್ಲ.

ಮೂರನೆಯದು, ಅರ್ಜಿ ಮೊದಲು ಬಂದವರ ಕೆಲಸ ಮೊದಲು. ಸರದಿ ಮುರಿಯುವುದು ಸುಲಭವಾಗದಂತೆ ಸಾಫ್ಟ್‌ವೇರಿನಲ್ಲೇ ಕಟ್ಟಿದರು.

ಭೂಮಿ ಎಲ್ಲವನ್ನೂ ಸರಿ ಮಾಡಿಲ್ಲ. ಹೆಸರು ತಪ್ಪಾಗಿ ಕೂತ ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿ ಅಲೆದವರು ಪ್ರತಿ ಊರಿನಲ್ಲೂ ಇದ್ದಾರೆ. ಮಧ್ಯವರ್ತಿಗಳೂ ಹೊಸ ವೇಷದಲ್ಲಿ ಬಂದರು. ಆದರೆ 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಹಣಿ ಪಡೆದ ಆ ದಿನವನ್ನು ನಮ್ಮ ತಂದೆಯ ವಯಸ್ಸಿನವರು ಇವತ್ತಿಗೂ ನೆನೆಯುತ್ತಾರೆ. ಆ ಬದಲಾವಣೆ ಕಂಪ್ಯೂಟರ್ ಒಂದರಿಂದಲೇ ಆದದ್ದಲ್ಲ, ಅದರ ಹಿಂದಿನ ಕಟ್ಟುಪಾಡಿನಿಂದ ಆದದ್ದು.

ಈಗ ಸೊಸೈಟಿಗೆ ಬರುತ್ತಿದೆ

ಜಾಲಹಳ್ಳಿ ಕಥೆ ನಮಗ್ಯಾಕೆ ಅಂತ ಕೇಳಬಹುದು. ಒಂದು ಕಾರಣ, ಅಲ್ಲಿ ದುಡಿಯುವವರು ನಮ್ಮ ಮಕ್ಕಳು. ಇನ್ನೊಂದು ಕಾರಣ, ಅದೇ ಮಷೀನು ಈಗ ನಮ್ಮ ಊರಿನ ಸೊಸೈಟಿಗೆ ಬರುತ್ತಿದೆ.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಮ್ಮ ಬೆಳೆಸಾಲ, ಷೇರು, ಠೇವಣಿ, ಗೊಬ್ಬರದ ಲೆಕ್ಕ ಎಲ್ಲ ಅದರೊಳಗೆ ಹೋಗುತ್ತದೆ. ಹಾಲಿನ ಡೇರಿಯಲ್ಲಂತೂ ಫ್ಯಾಟ್ ತೋರಿಸುವ ಮಷೀನು, ಬಿಲ್ಲು ಮಾಡುವ ಕಂಪ್ಯೂಟರ್ ಆಗಲೇ ಬಂದು ಕೂತಿವೆ. ಇದು ಒಳ್ಳೆಯದೇ. ಕಾರ್ಯದರ್ಶಿಯ ಪುಸ್ತಕದೊಳಗೆ ಏನಿದೆ ಅಂತ ಸದಸ್ಯರಿಗೆ ಕಾಣದ ಕಾಲ ಹೋಗಲೇಬೇಕು.

ಆದರೆ 2024ರ ಜುಲೈ 31 ನೆನಪಿರಲಿ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಸೈಬರ್ ದಾಳಿಯಾದದ್ದು ಅಂದು ಬಯಲಾಯಿತು. ಅದು ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ಕಂಪನಿ. ಸೋಂಕು ಹರಡದಿರಲಿ ಎಂದು ಪಾವತಿ ಜಾಲದಿಂದ ಅದನ್ನು ಹೊರಗಿಟ್ಟರು. ಮರುದಿನ ಸೇವೆ ಮತ್ತೆ ಬಂತು, ಆದರೆ ಅಷ್ಟರಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ವ್ಯವಹಾರಕ್ಕೆ ಪೆಟ್ಟು ಬಿದ್ದಿತ್ತು. ದಾಳಿಕೋರರು ಒಳಗೆ ಬಂದದ್ದು ಆ ಕಂಪನಿ ಜತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಸರ್ವರ್ ಮೂಲಕ, ಅದರ ಬಾಗಿಲು ಸರಿಯಾಗಿ ಹಾಕಿರಲಿಲ್ಲ ಎಂದು ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ವಿಶ್ಲೇಷಿಸಿತು. ಎಲ್ಲೋ ಮೂರನೆಯವರು ಬಿಟ್ಟ ಬಾಗಿಲಿಗೆ ಹಳ್ಳಿಯ ಖಾತೆದಾರ ಎಟಿಎಂ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಯಿತು.

ಮೇಲೆ ಹೇಳಿದ ರಿಸರ್ವ್ ಬ್ಯಾಂಕಿನ ಸಮಿತಿ ನಿಯಮ ದೊಡ್ಡ ಬ್ಯಾಂಕುಗಳಿಗೆ. ನಮ್ಮೂರ ಸೊಸೈಟಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಇಲ್ಲಿ ಕಾವಲು ಕಾಯಬೇಕಾದವರು ನಿರ್ದೇಶಕರು ಮತ್ತು ನಾವು ಸದಸ್ಯರು. ಈ ಸಲದ ಮಹಾಸಭೆಯಲ್ಲಿ ಉಪ್ಪಿಟ್ಟು ತಿಂದು ಸಹಿ ಹಾಕಿ ಬರುವ ಮುಂಚೆ ಎದ್ದು ನಿಂತು ಐದು ಮಾತು ಕೇಳಿ.

ಒಂದು: ಈ ಕಂಪ್ಯೂಟರಿನಿಂದ ಸಂಘಕ್ಕೆ ಏನು ಸುಧಾರಿಸಬೇಕು? ಸಾಲ ಬೇಗ ಸಿಗಬೇಕಾ, ಲೆಕ್ಕ ಬೇಗ ಮುಗಿಯಬೇಕಾ? ವರ್ಷದ ಮೇಲೆ ಅದನ್ನೇ ಕೇಳುತ್ತೇವೆ, ಬರೆದುಕೊಳ್ಳಿ.

ಎರಡು: ನನ್ನ ಖಾತೆಯಲ್ಲಿನ ಲೆಕ್ಕವನ್ನು, ಡೇರಿಯಲ್ಲಿ ನನ್ನ ಹಾಲಿನ ಫ್ಯಾಟನ್ನು ಯಾರು ತಿದ್ದಬಹುದು? ತಿದ್ದಿದವರ ಹೆಸರು, ದಿನಾಂಕ ಒಳಗೆ ಉಳಿಯುತ್ತದಾ?

ಮೂರು: ಪಾಸ್‌ವರ್ಡ್ ಯಾರ ಹತ್ತಿರ ಇದೆ? ಗೋಡೆಗೆ ಚೀಟಿ ಅಂಟಿಸಿ, ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದಾರಾ?

ನಾಲ್ಕು: ಕರೆಂಟ್, ನೆಟ್ ಹೋದರೆ, ಸರ್ವರ್ ಬಿದ್ದರೆ ಕೆಲಸ ಹೇಗೆ ನಡೆಯುತ್ತದೆ? ಲೆಕ್ಕದ ಇನ್ನೊಂದು ಪ್ರತಿ ಬೇರೆ ಕಡೆ ಇದೆಯಾ, ಅದನ್ನು ಯಾವತ್ತಾದರೂ ತೆಗೆದು ನೋಡಿದ್ದೀರಾ?

ಐದು: ಮಷೀನ್ ತಪ್ಪು ತೋರಿಸಿದರೆ ನಾನು ಯಾರಿಗೆ ದೂರು ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ? ಒಬ್ಬರ ಹೆಸರು ಹೇಳಿ.

ಜಾಲಹಳ್ಳಿಯ ಮಾಲೀಕರೊಬ್ಬರಿಗೆ ಇದೇ ಐದು ಪ್ರಶ್ನೆ ಹೇಳಿದೆ. "ನಲವತ್ತು ಜನ ಇರೋ ಶೆಡ್ ನಮ್ದು. ಸಮಿತಿ, ಸಭೆ ಅಂತ ಕೂತ್ರೆ ಮಾಲು ಕಳಿಸೋದು ಯಾವಾಗ?" ಅಂದರು. ಅವರ ಕಷ್ಟ ಸುಳ್ಳಲ್ಲ. ಪಾರ್ಟಿಯಿಂದ ದುಡ್ಡು ಬರುವುದು ತಡ, ಬ್ಯಾಂಕ್ ಕಂತು ತಡವಾಗುವಂತಿಲ್ಲ. ಆದರೆ ನಲವತ್ತು ಜನರ ಶೆಡ್ಡಿಗೆ ಬ್ಯಾಂಕಿನಷ್ಟು ದೊಡ್ಡ ಸಮಿತಿ ಬೇಕಿಲ್ಲ. ತಿಂಗಳಿಗೆ ಅರ್ಧ ಗಂಟೆ, ಮಾಲೀಕರು, ಸ್ಟೋರ್ಸ್‌ನವರು, ಲೈನ್ ಸೂಪರ್‌ವೈಸರ್, ಕಂಪ್ಯೂಟರ್ ಹುಡುಗ, ಒಂದು ನೋಟ್‌ಬುಕ್. ಹೋದ ತಿಂಗಳು ಸಿಸ್ಟಂ ಎಲ್ಲಿ ತಪ್ಪಿತು, ಅದರಿಂದ ಯಾರಿಗೆ ನಷ್ಟವಾಯಿತು, ಯಾರು ಸರಿ ಮಾಡುತ್ತಾರೆ. ಇಷ್ಟು ಬರೆದರೆ ಸಾಕು. ರಾಡಿಲ್ಲದೆ ಒಂದು ಮಷೀನ್ ಒಂದು ಶಿಫ್ಟ್ ನಿಂತರೆ ಆಗುವ ನಷ್ಟಕ್ಕೆ ಹೋಲಿಸಿದರೆ ಆ ಅರ್ಧ ಗಂಟೆ ಏನೂ ಅಲ್ಲ.

ಕಾಂಟ್ರಾಕ್ಟ್ ಕಾರ್ಮಿಕರನ್ನೂ ಆ ನೋಟ್‌ಬುಕ್ಕಿನಲ್ಲಿ ಸೇರಿಸಬೇಕು ಎನ್ನುವುದು ನನ್ನ ಒತ್ತಾಯ. ಮಷೀನಿನ ತಪ್ಪು ಮೊದಲು ತಟ್ಟುವುದು ಅವರಿಗೆ, ಕೇಳುವವರ ಪಟ್ಟಿಯಲ್ಲಿ ಹೆಸರಿಲ್ಲದವರೂ ಅವರೇ.

ಆ ಹುಡುಗನ ವಿಷಯ ಏನಾಯಿತು ಅಂತೀರಾ? ಕೊನೆಗೆ ಸೂಪರ್‌ವೈಸರ್ ತಮ್ಮ ಪ್ರೊಡಕ್ಷನ್ ಶೀಟ್ ತೆಗೆದು ನೋಡಿದರು. ನಾಲ್ಕು ದಿನ ಅವನು ಮಾಡಿದ ಪೀಸುಗಳ ಲೆಕ್ಕ ಪೆನ್ನಿನಲ್ಲಿ ಬರೆದಿತ್ತು. ಆ ನಾಲ್ಕು ದಿನದ ಸಂಬಳ ಮುಂದಿನ ತಿಂಗಳು ಬಂತು. ಉಳಿದೆರಡು ದಿನ ಅವನಿಗೆ ಬೇರೆ ಲೈನಿನಲ್ಲಿ ಕೆಲಸ ಕೊಟ್ಟಿದ್ದರು, ಆ ಶೀಟ್ ಸಿಗಲಿಲ್ಲ. ಆ ದುಡ್ಡು ಹೋಯಿತು.

ಈಗ ಅವನು ದಿನಾ ಬೆಳಿಗ್ಗೆ ಗೇಟಿನಲ್ಲಿ ಬೆರಳು ಒತ್ತಿದ ಮೇಲೆ ಜೇಬಿನ ಚಿಕ್ಕ ಡೈರಿಯಲ್ಲಿ ಟೈಮು ಬರೆದು, ಸೆಕ್ಯುರಿಟಿಯವರ ಕೈಲಿ ಒಂದು ಸಹಿ ಹಾಕಿಸಿಕೊಳ್ಳುತ್ತಾನೆ.